12,051 ಕಿ.ಮೀ. ಹೋಗೋಕೆ 13 ಗಂಟೆ 35 ನಿಮಿಷ, ಬರೋಕೆ 15 ಗಂಟೆ. ದಾರಿ ಒಂದೇ ಅಲ್ವಾ?

ಕಿಟಕಿ_ಸೀಟು:
ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ನಾನು ಮತ್ತು ನನ್ನ ತಮ್ಮ ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹೋಗಿ ವಾಪಸ್ ಬರುತ್ತಿದ್ದೇವೆ. ಎರಡೂ ಕಡೆ ನೇರ ವಿಮಾನ, ನಡುವೆ ಎಲ್ಲೂ ಇಳಿಯುವುದಿಲ್ಲ. ಟಿಕೆಟ್‌ನಲ್ಲಿ ಹೋಗುವಾಗ 13 ಗಂಟೆ 35 ನಿಮಿಷ, ಬರುವಾಗ 15 ಗಂಟೆ ಅಂತ ಇದೆ. ಇದು ಮುದ್ರಣದ ತಪ್ಪು, ದೂರ ಒಂದೇ ಅಂದಮೇಲೆ ಸಮಯವೂ ಒಂದೇ ಇರಬೇಕು ಅಂತ ನಾನು. ತಮ್ಮನ ವಾದವೇ ಬೇರೆ. ಭೂಮಿ ಪೂರ್ವಕ್ಕೆ ತಿರುಗುತ್ತದೆ, ಪಶ್ಚಿಮಕ್ಕೆ ಹಾರಿದರೆ ಊರೇ ನಮ್ಮ ಕಡೆ ಬರುತ್ತದೆ, ಹಾಗಾಗಿ ಬರುವಾಗಲೇ ಕಡಿಮೆ ಹೊತ್ತು ಹಿಡಿಯಬೇಕು, ಟಿಕೆಟ್‌ನವರು ಎರಡು ಅಂಕಿ ಅದಲುಬದಲು ಮಾಡಿದ್ದಾರೆ ಅಂತಾನೆ. ಪಂಥ ಕಟ್ಟಿದ್ದೇವೆ. ಸೋತವರಿಗೆ ನಡುವಿನ ಸೀಟು.

ಇನ್ನೊಂದು ತಲೆನೋವು. ದೂರ ಹುಡುಕಿದರೆ ಒಂದು ಕಡೆ 12,051, ಇನ್ನೊಂದು ಕಡೆ 12,061, ಮತ್ತೊಂದು ಕಡೆ 7,488, ಕೊನೆಗೆ 6,507! ಯಾವುದನ್ನು ನಂಬಲಿ?

ಒಂದೇ_ಸಾಲು:
ಇಬ್ಬರೂ ಸೋತಿದ್ದೀರಿ.

ನಿದ್ದೆಗಣ್ಣು:
7,488 ಅಂದ್ರೆ ಮೈಲಿ. 6,507 ಅಂದ್ರೆ ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ಗುಣಿಸಿ ನೋಡಿ, 12,051 ಬರುತ್ತದೆ. ಮೂರೂ ಒಂದೇ ದೂರ, ಅಳತೆಗೋಲು ಬೇರೆ ಅಷ್ಟೇ.

ಕಿಟಕಿ_ಸೀಟು:
ಅಯ್ಯೋ, ಪಕ್ಕದಲ್ಲಿ ಚಿಕ್ಕದಾಗಿ ಬರೆದಿದ್ದನ್ನು ನಾನು ನೋಡೇ ಇಲ್ಲ. ಆದರೆ 12,061? ಅದೂ ಕಿ.ಮೀ.ನಲ್ಲೇ ಇದೆ.

ಲೆಕ್ಕದ_ಮೇಷ್ಟ್ರು:
ಅದು ಒಳ್ಳೆಯ ಪ್ರಶ್ನೆ. ಭೂಮಿ ಸರಿಯಾದ ಗುಂಡು ಅಲ್ಲ. ಮಧ್ಯದಲ್ಲಿ ಸ್ವಲ್ಪ ಹೊಟ್ಟೆ ಬಂದಿದೆ, ತುದಿಗಳಲ್ಲಿ ಅಮುಕಿದೆ. ಭೂಮಧ್ಯರೇಖೆಯ ಹತ್ತಿರ ತ್ರಿಜ್ಯ 6,378 ಕಿ.ಮೀ., ಧ್ರುವದ ಹತ್ತಿರ 6,357. ಸುಲಭಕ್ಕೆ ಎಲ್ಲ ಕಡೆ 6,371 ಅಂತ ಇಟ್ಟುಕೊಂಡು ಚೆಂಡಿನ ಮೇಲೆ ಲೆಕ್ಕ ಮಾಡಿದರೆ 12,061 ಬರುತ್ತದೆ. ನಿಜವಾದ ಆಕಾರ ಹಿಡಿದು ಮಾಡಿದರೆ 12,051. ಹತ್ತು ಕಿ.ಮೀ. ವ್ಯತ್ಯಾಸ ಬರೋದು ಅಲ್ಲಿಂದ. ವಿಮಾನಕ್ಕೆ ಅದು ಒಂದು ನಿಮಿಷದ ಮಾತೂ ಅಲ್ಲ, ಬಿಡಿ.

ಗಾಳಿ_ಗೋಪುರ:
ಯಾಕೆ ಇಷ್ಟೊಂದು ಗಣಿತ? ಭೂಪಟದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಆಯ್ತಪ್ಪ.

ಭೂಗೋಳ_ಪ್ರಿಯೆ:
ಗೋಡೆಗೆ ನೇತುಹಾಕುವ ಭೂಪಟದಲ್ಲಿ ನೇರ ಗೆರೆ ಎಳೆದರೆ ಅದು ಹತ್ತಿರದ ದಾರಿ ಅಲ್ಲ. ಆ ಮರ್ಕೇಟರ್ ನಕ್ಷೆ ಬಂದದ್ದು 1569ರಲ್ಲಿ, ಹಡಗಿನವರು ದಿಕ್ಸೂಚಿ ಹಿಡಿದು ಒಂದೇ ಕೋನದಲ್ಲಿ ಸಾಗಲಿ ಅಂತ. ಧ್ರುವದ ಕಡೆ ಹೋದಂತೆ ಅದರಲ್ಲಿ ನೆಲ ಹಿಗ್ಗುತ್ತದೆ. ನಿಜವಾದ ಹತ್ತಿರದ ದಾರಿ ಬೇಕಿದ್ದರೆ ಒಂದು ಗ್ಲೋಬ್ ತಗೊಂಡು ಎರಡು ಊರಿನ ನಡುವೆ ದಾರ ಬಿಗಿಯಾಗಿ ಎಳೆಯಿರಿ. ಅದಕ್ಕೇ ಲಂಡನ್‌ನಿಂದ ಲಾಸ್ ಏಂಜಲೀಸ್‌ಗೆ ಹೋಗುವವರಿಗೆ ಕೆಳಗೆ ಗ್ರೀನ್‌ಲ್ಯಾಂಡ್ ಕಾಣುವುದು. ಮೊದಲ ಸಲ ನೋಡಿದಾಗ ಪೈಲಟ್ ದಾರಿ ತಪ್ಪಿದ್ದಾನೆ ಅಂತಲೇ ನಾನು ಅಂದುಕೊಂಡಿದ್ದೆ.

ಲೆಕ್ಕದ_ಮೇಷ್ಟ್ರು:
ಮೇಡಂ, ನೀವು ಹೇಳಿದ್ದು ಸರಿ. ಆದರೆ ಈ ಎರಡು ಊರುಗಳ ಜೋಡಿಗೆ ಆ ಮಾತು ಅಷ್ಟು ಹೊಂದುವುದಿಲ್ಲ. ಒಂದು ಮಜಾ ನೋಡಿ. ಲಾಸ್ ಏಂಜಲೀಸ್ ವಿಮಾನ ನಿಲ್ದಾಣ ಭೂಮಧ್ಯರೇಖೆಯಿಂದ ಉತ್ತರಕ್ಕೆ 33.9 ಡಿಗ್ರಿ, ಸಿಡ್ನಿ ದಕ್ಷಿಣಕ್ಕೆ 33.9 ಡಿಗ್ರಿ. ಕನ್ನಡಿ ಹಿಡಿದಂತೆ! ಹಾಗಾಗಿ ಉತ್ತರದಲ್ಲಿ ದಾರಿ ಒಂದು ಕಡೆ ಬಾಗಿದರೆ ದಕ್ಷಿಣದಲ್ಲಿ ಇನ್ನೊಂದು ಕಡೆ ಬಾಗುತ್ತದೆ. ನಿನ್ನೆ ರಾತ್ರಿ ಕೂತು ಲೆಕ್ಕ ಹಾಕಿದೆ. ಭೂಪಟದ ನೇರ ಗೆರೆಯಲ್ಲಿ ಹೋದರೂ ಹೆಚ್ಚಾಗುವುದು 30-35 ಕಿ.ಮೀ. ಮಾತ್ರ. ಅದೇ ಮ್ಯಾಡ್ರಿಡ್-ನ್ಯೂಯಾರ್ಕ್ ತಗೊಳ್ಳಿ. ಎರಡೂ ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ. ದೂರ ಇದರ ಅರ್ಧದಷ್ಟೂ ಇಲ್ಲ. ಆದರೂ ನೇರ ಪಶ್ಚಿಮಕ್ಕೇ ಹಾರಿದರೆ 150 ಕಿ.ಮೀ.ಗೂ ಜಾಸ್ತಿ ಸುತ್ತು.

ಗಾಳಿ_ಗೋಪುರ:
ನೋಡಿದ್ರಾ, ನಾನು ಹೇಳಿದ್ದೇ ಸರಿ. ಸ್ಕೇಲ್ ಸಾಕು.

ಭೂಗೋಳ_ಪ್ರಿಯೆ:
ಗುರುವೇ, ನಿಮಗೆ ಅದೃಷ್ಟ ಇತ್ತು ಅಷ್ಟೇ. ಮತ್ತೆ ಆ ಗೆರೆಯ ಉದ್ದವನ್ನು ಯಾವ ಸ್ಕೇಲಿನಲ್ಲಿ ಅಳೆಯುತ್ತೀರಿ? ಆ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದರೆ ಮಧ್ಯದಲ್ಲಿ ಒಂದು ದೂರ, ಮೇಲೆ ಇನ್ನೊಂದು.

ಹಳೇ_ಡಿಸ್ಪ್ಯಾಚರ್:
ನಾನು ವರ್ಷಗಟ್ಟಲೆ ವಿಮಾನಗಳಿಗೆ ದಾರಿ ಹಾಕಿಕೊಡುವ ಕೆಲಸ ಮಾಡಿದವನು. ಮೂಲ ಪ್ರಶ್ನೆಗೆ ಬರೋಣ, ಎಲ್ಲರೂ ಎಲ್ಲೆಲ್ಲೋ ಹೋಗಿದ್ದೀರಿ.

ಕಾರಣ ಗಾಳಿ. ನೆಲದಿಂದ ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿ ಇದೆ. ಜೆಟ್ ಸ್ಟ್ರೀಮ್ ಅಂತಾರೆ. ಉತ್ತರಾರ್ಧದಲ್ಲೂ ಇದೆ, ದಕ್ಷಿಣಾರ್ಧದಲ್ಲೂ ಇದೆ, ಎರಡೂ ಕಡೆ ಪೂರ್ವಕ್ಕೇ ಬೀಸುತ್ತದೆ. ಗಂಟೆಗೆ 150-200 ಕಿ.ಮೀ. ಇರೋದು ಮಾಮೂಲು, ಚಳಿಗಾಲದಲ್ಲಿ ಇನ್ನೂ ಮೇಲೆ ಹೋಗುತ್ತದೆ. ವಿಮಾನ ಹಾರುವುದೂ ಅದೇ ಎತ್ತರದಲ್ಲಿ. ಸಿಡ್ನಿಯಿಂದ ಹೊರಟರೆ ನೀವು ಪೂರ್ವಕ್ಕೆ, ಅದು ಬೆನ್ನು ತಳ್ಳುತ್ತದೆ. ಬರುವಾಗ ಎದೆಗೆ ಹೊಡೆಯುತ್ತದೆ.

ಇಡೀ ದಾರಿಗೆ ಹೀಗೆ ಇರುತ್ತದೆ ಅಂದುಕೊಳ್ಳಬೇಡಿ. ನಿಮ್ಮ ದಾರಿ ಭೂಮಧ್ಯರೇಖೆ ದಾಟುತ್ತದೆ. ಅಲ್ಲಿ ಜೆಟ್ ಸ್ಟ್ರೀಮ್ ಇಲ್ಲ. ಎರಡು ತುದಿಗಳಲ್ಲಿ ಸಿಕ್ಕಷ್ಟು ಲಾಭ. ಅದಕ್ಕೇ ವ್ಯತ್ಯಾಸ ಒಂದೂವರೆ ಗಂಟೆಗೆ ನಿಂತಿದೆ.

ನಿದ್ದೆಗಣ್ಣು:
ಸರ್, ಹಾಗಾದರೆ ವಿಮಾನದ ವೇಗ 900 ಅಂತಾರಲ್ಲ, ಅದು ಯಾವುದು?

ಹಳೇ_ಡಿಸ್ಪ್ಯಾಚರ್:
ಅದು ಗಾಳಿಯೊಳಗಿನ ವೇಗ. ನೆಲದ ಮೇಲಿನ ವೇಗ ಬೇರೆ. ಹರಿಯುವ ಹೊಳೆಯಲ್ಲಿ ದೋಣಿ ನಡೆಸಿದ ಹಾಗೆ. ಹುಟ್ಟು ಹಾಕುವುದು ಅಷ್ಟೇ, ದಡ ಹಿಂದೆ ಸರಿಯುವ ವೇಗ ಮಾತ್ರ ಹೊಳೆ ಹೇಳಿದಂತೆ. ದೊಡ್ಡ ವಿಮಾನಗಳು ಶಬ್ದದ ವೇಗದ 0.85ರಷ್ಟರಲ್ಲಿ ಹಾರುತ್ತವೆ. ಅಷ್ಟು ಎತ್ತರದ ಚಳಿಯಲ್ಲಿ ಶಬ್ದದ ವೇಗವೇ ಗಂಟೆಗೆ 1,060 ಕಿ.ಮೀ. ಆಸುಪಾಸು. ಆ 900 ಬಂದದ್ದು ಹಾಗೆ.

ಗಾಳಿ_ಗೋಪುರ:
2020ರ ಫೆಬ್ರವರಿಯಲ್ಲಿ ನ್ಯೂಯಾರ್ಕ್-ಲಂಡನ್ ಬೋಯಿಂಗ್ 747 ವಿಮಾನವೊಂದು 4 ಗಂಟೆ 56 ನಿಮಿಷದಲ್ಲಿ ಮುಟ್ಟಿತ್ತು. ಗಂಟೆಗೆ 1,300 ಕಿ.ಮೀ. ದಾಟಿತ್ತು. ಶಬ್ದಕ್ಕಿಂತ ಜೋರಾಗಿ ಹೋಯ್ತು ಅಂದ ಹಾಗಾಯ್ತಲ್ಲ?

ಹಳೇ_ಡಿಸ್ಪ್ಯಾಚರ್:
ಇಲ್ಲ. ಸುತ್ತಲ ಗಾಳಿಯೇ ಓಡುತ್ತಿತ್ತು, ಸಿಯಾರಾ ಬಿರುಗಾಳಿಯ ಸಮಯ ಅದು. ಆ ಗಾಳಿಯೊಳಗೆ ವಿಮಾನ ಮಾಮೂಲು ವೇಗದಲ್ಲೇ ಇತ್ತು. ನಿಜವಾಗಿ ಶಬ್ದ ಮೀರಿ ಹೋದದ್ದು ಕಾಂಕಾರ್ಡ್. 1996ರ ಫೆಬ್ರವರಿ 7ರಂದು ಅದೇ ದಾರಿಯನ್ನು 2 ಗಂಟೆ 52 ನಿಮಿಷ 59 ಸೆಕೆಂಡಿನಲ್ಲಿ ಮುಗಿಸಿತ್ತು.

ತರಲೆ_ತಮ್ಮ:
ನಾನೇ ಆ ತಮ್ಮ. ಅಕ್ಕ ಲಿಂಕ್ ಕಳಿಸಿದಳು. ಗಾಳಿ ಕಥೆ ಎಲ್ಲ ಸರಿ. ಆದರೆ ಭೂಮಧ್ಯರೇಖೆಯಲ್ಲಿ ಭೂಮಿ ಗಂಟೆಗೆ 1,670 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ಹೆಲಿಕಾಪ್ಟರ್‌ನಲ್ಲಿ ಮೇಲೆ ಹೋಗಿ ಸುಮ್ನೆ ನಿಂತರೂ ಪಶ್ಚಿಮದ ಊರು ಕೆಳಗೆ ಬರಬೇಕು. ಇದಕ್ಕೆ ಉತ್ತರ ಕೊಡಿ.

ಒಂದೇ_ಸಾಲು:
ರೈಲಿನೊಳಗೆ ಎಗರಿ ನೋಡು ತಮ್ಮಾ, ಹಿಂದಿನ ಬೋಗಿಯಲ್ಲಿ ಬೀಳ್ತೀಯಾ?

ಲೆಕ್ಕದ_ಮೇಷ್ಟ್ರು:
ಮೇಲಿನ ಒಂದೇ ಸಾಲು ಸಾಕು. ಆದರೂ ಸೇರಿಸುತ್ತೇನೆ. ಭೂಮಿ ತಿರುಗುವಾಗ ಗಾಳಿಯನ್ನೂ ಜೊತೆಗೇ ತಿರುಗಿಸುತ್ತದೆ. ನೆಲದಲ್ಲಿ ನಿಂತ ವಿಮಾನಕ್ಕೂ ಆ ವೇಗ ಮೊದಲೇ ಇದೆ. ಹಾಗಿಲ್ಲದಿದ್ದರೆ ನಾವು ಮನೆಯಿಂದ ಹೊರಗೆ ಕಾಲಿಟ್ಟರೆ ಗಂಟೆಗೆ ಸಾವಿರ ಕಿ.ಮೀ.ಗೂ ಮೀರಿದ ಬಿರುಗಾಳಿ ಮುಖಕ್ಕೆ ಹೊಡೆಯಬೇಕಿತ್ತು. ಇನ್ನು ತಿರುಗುವಿಕೆಗೂ ಜೆಟ್ ಸ್ಟ್ರೀಮಿಗೂ ಸಂಬಂಧ ಇಲ್ಲ ಅಂತಲ್ಲ. ಭೂಮಧ್ಯರೇಖೆಯಿಂದ ಧ್ರುವದ ಕಡೆ ಹರಿಯುವ ಬಿಸಿಗಾಳಿಯನ್ನು ಪೂರ್ವಕ್ಕೆ ತಿರುಗಿಸುವುದು ಅದೇ. ಅಂದರೆ ತಮ್ಮ ಹೇಳಿದ ಕಾರಣ ಇದೆ, ಫಲ ಮಾತ್ರ ಉಲ್ಟಾ!

ತರಲೆ_ತಮ್ಮ:
ಅರ್ಧ ಅಂಕ ಕೊಡಿ ಸರ್.

ಕಿಟಕಿ_ಸೀಟು:
ಕೊಡಬೇಡಿ ಸರ್.

ಸುಮ್ನೆ_ಓದುಗ:
ಒಂದು ಅನುಮಾನ. ಹೋಗುವಾಗ ಗಾಳಿ ಎಷ್ಟು ಉಳಿಸುತ್ತದೋ ಬರುವಾಗ ಅಷ್ಟೇ ಕಳೆಯುತ್ತದೆ. ಒಟ್ಟಿನಲ್ಲಿ ಸಮ ಅಲ್ವಾ?

ಲೆಕ್ಕದ_ಮೇಷ್ಟ್ರು:
ಅಲ್ಲ, ಅಲ್ಲೇ ಮೋಸ ಇರೋದು. 12,000 ಕಿ.ಮೀ. ಅಂತ ಇಟ್ಟುಕೊಳ್ಳಿ, ವೇಗ 900. ಗಾಳಿ ಇಲ್ಲದಿದ್ದರೆ ಹೋಗಿ ಬರೋಕೆ 26 ಗಂಟೆ 40 ನಿಮಿಷ. ದಾರಿಯುದ್ದಕ್ಕೂ ಗಂಟೆಗೆ 100 ಕಿ.ಮೀ. ಗಾಳಿ ಇದ್ದರೆ ಹೋಗುವಾಗ 1,000ದ ವೇಗ, 12 ಗಂಟೆ. ಬರುವಾಗ 800, 15 ಗಂಟೆ. ಒಟ್ಟು 27. ಇಪ್ಪತ್ತು ನಿಮಿಷ ಎಲ್ಲಿಗೆ ಹೋಯ್ತು? ಎದುರುಗಾಳಿಯಲ್ಲಿ ಕಳೆಯುವ ಹೊತ್ತೇ ಜಾಸ್ತಿ, ಅದಕ್ಕೆ ನಷ್ಟವೂ ಜಾಸ್ತಿ.

ಸುಮ್ನೆ_ಓದುಗ:
ಇದು ಗೊತ್ತೇ ಇರಲಿಲ್ಲ. ಪೆನ್ನು ಹಿಡಿದು ಎರಡು ಸಲ ಮಾಡಿದೆ.

ನಿದ್ದೆಗಣ್ಣು:
ಆದರೆ ಟಿಕೆಟ್‌ನಲ್ಲಿರುವ ಸಮಯ ಹಾರಾಟದ ಸಮಯ ಅಲ್ಲ, ಇದನ್ನು ಯಾರೂ ಹೇಳಲಿಲ್ಲ. ಗೇಟ್ ಬಿಟ್ಟಾಗಿನಿಂದ ಇನ್ನೊಂದು ಗೇಟ್ ಮುಟ್ಟುವವರೆಗಿನದು ಅದು. ಹೋದ ವರ್ಷ ಒಂದು ವಿಮಾನದಲ್ಲಿ (ಕಂಪನಿ ಹೆಸರು ಬೇಡ) ರನ್‌ವೇ ಪಕ್ಕದಲ್ಲಿ ಐವತ್ತು ನಿಮಿಷ ಕೂರಿಸಿದ್ದರು. ಎಸಿ ಸರಿಯಾಗಿ ಇರಲಿಲ್ಲ, ಮುಂದಿನ ಸೀಟಿನ ಮಗು ಒಂದೇ ಸಮ ಅಳುತ್ತಿತ್ತು, ನಾನೂ ಅಳುವುದೊಂದು ಬಾಕಿ. ಕೊನೆಗೆ ಇಳಿದಾಗ ಮೈಕಿನಲ್ಲಿ 'ನಿಗದಿತ ಸಮಯಕ್ಕಿಂತ ಐದು ನಿಮಿಷ ಮುಂಚೆ ತಲುಪಿದ್ದೇವೆ' ಅಂತ ಖುಷಿಯಿಂದ ಹೇಳಿದರು. ಹೇಗೆ ಸಾಧ್ಯ ಸ್ವಾಮಿ?

ಹಳೇ_ಡಿಸ್ಪ್ಯಾಚರ್:
ಬ್ಲಾಕ್ ಟೈಮ್ ಅಂತಾರೆ ಅದಕ್ಕೆ. ಪುಶ್‌ಬ್ಯಾಕ್ (ಗೇಟಿನಿಂದ ವಿಮಾನವನ್ನು ಹಿಂದಕ್ಕೆ ತಳ್ಳುವುದು), ಟ್ಯಾಕ್ಸಿ (ನೆಲದ ಮೇಲೆ ಸಾಗುವುದು), ಹಾರಾಟ, ಇಳಿಯುವ ಮುಂಚೆ ಸುತ್ತು ಹೊಡೆಸಿದರೆ ಅದೂ, ಮತ್ತೆ ಗೇಟ್‌ವರೆಗಿನ ಟ್ಯಾಕ್ಸಿ, ಎಲ್ಲ ಅದರೊಳಗೆ. ತಡ ಆದರೆ ಮುಂದಿನ ವಿಮಾನ ತಪ್ಪುತ್ತದೆ, ದೂರು ಬರುತ್ತದೆ, ಅದಕ್ಕೆ ಮೇಲೆ ಸ್ವಲ್ಪ ಹೆಚ್ಚಿಗೆ ಸೇರಿಸಿ ಬರೆದಿರುತ್ತಾರೆ. ಇದನ್ನು ಮೋಸ ಅನ್ನಲಾರೆ, ಆದರೆ ಪೂರ್ತಿ ಪ್ರಾಮಾಣಿಕ ಅಂತಲೂ ಅನ್ನಲಾರೆ. ಇಂಧನ ಉಳಿಸೋಕೆ ಬೇಕಂತಲೇ ತುಸು ನಿಧಾನ ಹಾರಿಸುವುದೂ ಇದೆ.

ಗಾಳಿ_ಗೋಪುರ:
ಹಾಗಾದ್ರೆ ದೂರವನ್ನು 900ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸಿದರೆ ಸಾಕು ಅನ್ನುವ ನನ್ನ ಸೂತ್ರ?

ಹಳೇ_ಡಿಸ್ಪ್ಯಾಚರ್:
ಅಂದಾಜಿಗೆ ಅಡ್ಡಿಯಿಲ್ಲ. 12,051ಕ್ಕೆ 13 ಗಂಟೆ 23 ನಿಮಿಷ, ಅರ್ಧ ಗಂಟೆ ಸೇರಿಸಿದರೆ 13:53. ಹೋಗುವುದು ಅದಕ್ಕಿಂತ ಕಡಿಮೆ, ಬರುವುದು ಜಾಸ್ತಿ. ನಡುವೆ ಕೂತಿದೆ ನೋಡಿ ನಿಮ್ಮ ಅಂಕಿ. ಆದರೆ ಅದನ್ನು ನಂಬಿ ಮುಂದಿನ ಕನೆಕ್ಷನ್ ಬುಕ್ ಮಾಡಬೇಡಿ.

ಇನ್ನೊಂದು ವಿಷಯ. ಹತ್ತಿರದ ದಾರಿಯೇ ಬೇಗ ಮುಟ್ಟಿಸುತ್ತದೆ ಅಂತಲೂ ಇಲ್ಲ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ದೆಹಲಿ-ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲಿಂದ ಕಳಿಸಿತು. ಹಳೇ ದಾರಿ ಸುಮಾರು 13,900 ಕಿ.ಮೀ., ಹೊಸದು 15,300. ಸಾವಿರದ ನಾನೂರು ಕಿ.ಮೀ. ಜಾಸ್ತಿ! ಆದರೂ 14 ಗಂಟೆ 30 ನಿಮಿಷದಲ್ಲಿ ಮುಟ್ಟಿತು, ಹಳೆಯದಕ್ಕಿಂತ ಸುಮಾರು ಎರಡು ಗಂಟೆ ಬೇಗ. ಪೂರ್ವಕ್ಕೆ ಹೋದರೆ ಗಾಳಿ ಬೆನ್ನಿಗೆ ಸಿಗುತ್ತದೆ, ಅಷ್ಟೇ ಗುಟ್ಟು. ನಮ್ಮ ಕೆಲಸದಲ್ಲಿ ಕಿಲೋಮೀಟರ್ ಯಾರೂ ಕೇಳುತ್ತಿರಲಿಲ್ಲ, ಎಷ್ಟು ನಿಮಿಷ, ಎಷ್ಟು ಟನ್ ಇಂಧನ ಅಂತ ಕೇಳುತ್ತಿದ್ದರು.

ಭೂಗೋಳ_ಪ್ರಿಯೆ:
ಆಕಾಶದಲ್ಲೂ ಗಡಿ ಇದೆ ಅನ್ನೋದನ್ನು ಸೇರಿಸಿ ಸರ್. 2022ರಲ್ಲಿ ರಷ್ಯಾದ ಆಕಾಶ ಯುರೋಪಿನ ವಿಮಾನಗಳಿಗೆ ಮುಚ್ಚಿದ ಮೇಲೆ ಹೆಲ್ಸಿಂಕಿ-ಟೋಕಿಯೊ ಒಂಬತ್ತು ಗಂಟೆ ಚಿಲ್ಲರೆಯಿಂದ ಹದಿಮೂರು ಗಂಟೆಗೆ ಹೋಯಿತು. ಕೆಲವು ಉತ್ತರ ಧ್ರುವದ ಮೇಲಿಂದಲೇ ಹೋದವು. ಊರುಗಳು ಇದ್ದಲ್ಲೇ ಇವೆ, ದಾರಿ ಮಾತ್ರ ಉದ್ದ ಆಯಿತು.

ನಿದ್ದೆಗಣ್ಣು:
ಟಿಬೆಟ್ ಪ್ರಸ್ಥಭೂಮಿಯ ಮೇಲೂ ಸಾಮಾನ್ಯವಾಗಿ ಹಾರದೆ ಸುತ್ತಿಕೊಂಡು ಹೋಗುತ್ತಾರಲ್ಲ?

ಹಳೇ_ಡಿಸ್ಪ್ಯಾಚರ್:
ಹೌದು. ಒಳಗಿನ ಒತ್ತಡ ಕೈಕೊಟ್ಟರೆ ವಿಮಾನ 10,000 ಅಡಿಗೆ, ಅಂದರೆ ಮೂರು ಕಿ.ಮೀ. ಎತ್ತರಕ್ಕೆ ಬೇಗ ಇಳಿಯಬೇಕು, ಉಸಿರಾಡೋಕೆ. ಅಲ್ಲಿ ನೆಲವೇ ಅದಕ್ಕಿಂತ ಮೇಲಿದೆ.

ಸುಮ್ನೆ_ಓದುಗ:
ಸಿಡ್ನಿ ದಾರಿಯಲ್ಲಿ ಬರೀ ನೀರು. ಎಂಜಿನ್ ಕೆಟ್ಟರೆ ಏನು ಗತಿ?

ಹಳೇ_ಡಿಸ್ಪ್ಯಾಚರ್:
ಎರಡು ಎಂಜಿನ್ ವಿಮಾನ ಒಂದೇ ಎಂಜಿನ್‌ನಲ್ಲಿ ಇಷ್ಟು ನಿಮಿಷದೊಳಗೆ ಯಾವುದಾದರೂ ನಿಲ್ದಾಣ ಮುಟ್ಟಬೇಕು ಅಂತ ನಿಯಮ ಇದೆ. ಒಂದು ಕಾಲದಲ್ಲಿ ಅದು 60 ನಿಮಿಷ. 1985ರಲ್ಲಿ 120 ಆಯಿತು. ಈಗ ಏರ್‌ಬಸ್ ಎ350ಗೆ 370 ನಿಮಿಷದವರೆಗೆ ಒಪ್ಪಿಗೆ ಇದೆ. ಈ ದಾರಿಯಲ್ಲಂತೂ ಹವಾಯಿ ಉತ್ತರಕ್ಕೆ ಸಿಗುತ್ತದೆ, ಫಿಜಿ ಹೆಚ್ಚುಕಮ್ಮಿ ಕೆಳಗೇ ಬರುತ್ತದೆ. ಹೆದರಬೇಡಿ.

ಭೂಗೋಳ_ಪ್ರಿಯೆ:
ಫಿಜಿ ಅಂದಿದ್ದಕ್ಕೆ ನೆನಪಾಯ್ತು. ಈ ಸಾಗರವನ್ನು ಮೊದಲು ವಿಮಾನದಲ್ಲಿ ದಾಟಿದವರು ಹೋದದ್ದೂ ಹಾಗೇ. 1928ರಲ್ಲಿ ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್ ಮತ್ತು ಮೂವರು, ಮೂರು ಎಂಜಿನ್‌ನ ಒಂದು ಫಾಕರ್ ವಿಮಾನದಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಿಂದ ಹವಾಯಿ, ಫಿಜಿ, ಆಮೇಲೆ ಬ್ರಿಸ್ಬೇನ್. ಹಾರಿದ ಹೊತ್ತೇ 83 ಗಂಟೆಗೂ ಮೇಲೆ. ಸಿಡ್ನಿಯ ವಿಮಾನ ನಿಲ್ದಾಣಕ್ಕೆ ಇಟ್ಟಿರುವುದು ಅವರದೇ ಹೆಸರು. ನಾವು 15 ಗಂಟೆಗೆ ಗೊಣಗುತ್ತೇವೆ.

ಒಂದೇ_ಸಾಲು:
ಅವರಿಗೆ ನಡುವಿನ ಸೀಟು ಇರಲಿಲ್ಲವಲ್ಲ.

ಗಾಳಿ_ಗೋಪುರ:
15 ಗಂಟೆ ಏನು ಮಹಾ. ಸಿಂಗಾಪುರ-ನ್ಯೂಯಾರ್ಕ್ ನೇರ ವಿಮಾನ 15,300 ಕಿ.ಮೀ., 18 ಗಂಟೆಗೂ ಮೇಲೆ. 2019ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ವಿಮಾನ ಕಂಪನಿ ಕ್ವಾಂಟಸ್‌ನವರು ಪರೀಕ್ಷೆಗೆ ಅಂತ ಲಂಡನ್‌ನಿಂದ ಸಿಡ್ನಿಗೆ ಎಲ್ಲೂ ನಿಲ್ಲದೆ ಹಾರಿಸಿದ್ದರು, 19 ಗಂಟೆ 19 ನಿಮಿಷ. ಅದರಲ್ಲಿ ಇದ್ದದ್ದು ಐವತ್ತು ಚಿಲ್ಲರೆ ಜನ ಅಷ್ಟೇ.

ಲೆಕ್ಕದ_ಮೇಷ್ಟ್ರು:
ಇದಕ್ಕೂ ಒಂದು ಮಿತಿ ಇದೆ. ಭೂಮಿಯ ಸುತ್ತಳತೆ 40,000 ಕಿ.ಮೀ. ಚಿಲ್ಲರೆ. ಎಂಥ ದೂರದ ಊರಾದರೂ ಹತ್ತಿರದ ದಾರಿ 20,000 ಕಿ.ಮೀ. ದಾಟಲ್ಲ. ಅದಕ್ಕಿಂತ ದೂರ ಹೋಗಬೇಕು ಅಂದರೆ ಆ ಕಡೆಯಿಂದ ಹತ್ತಿರ ಆಗಿಬಿಡುತ್ತದೆ!

ಸುಮ್ನೆ_ಓದುಗ:
ಅತಿ ಚಿಕ್ಕದು ಯಾವುದು?

ಗಾಳಿ_ಗೋಪುರ:
ಸ್ಕಾಟ್‌ಲೆಂಡ್‌ನ ಎರಡು ದ್ವೀಪ, ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ. 2.7 ಕಿ.ಮೀ. ವೇಳಾಪಟ್ಟಿಯಲ್ಲಿ ಎರಡು ನಿಮಿಷ. ಒಮ್ಮೆ 53 ಸೆಕೆಂಡಿನಲ್ಲಿ ಮುಗಿಸಿದ್ದಾರೆ. ಬೆಲ್ಟ್ ಹಾಕೋದಕ್ಕೇ ನನಗೆ ಅಷ್ಟು ಹೊತ್ತು ಬೇಕು.

ನಿದ್ದೆಗಣ್ಣು:
ಅಕ್ಕಾ, ಟಿಕೆಟ್‌ನಲ್ಲಿ ಸಿಡ್ನಿ ಕೋಡ್ ಎಸ್‌ವೈಡಿ ಅಂತಲೇ ಇದೆ ತಾನೇ? ಕೆನಡಾದಲ್ಲೂ ಒಂದು ಸಿಡ್ನಿ ಇದೆ, ಅದರ ಕೋಡ್ ವೈಕ್ಯೂವೈ. ಆಸ್ಟ್ರೇಲಿಯಾಕ್ಕೆ ಅಂತ ಹೊರಟು ಅಲ್ಲಿ ಇಳಿದವರು ನಿಜವಾಗಿಯೂ ಇದ್ದಾರೆ. ದೂರ ಹುಡುಕುವಾಗಲೂ ಹೆಸರು ಹಾಕಬೇಡಿ, ಕೋಡ್ ಹಾಕಿ.

ಕಿಟಕಿ_ಸೀಟು:
ಈಗಷ್ಟೇ ತೆಗೆದು ನೋಡಿದೆ, ಎದೆ ಹೊಡೆದುಕೊಂಡಿತು. ಎಸ್‌ವೈಡಿ. ಬದುಕಿದೆ.

ಆದರೆ ಹೊಸ ಗೊಂದಲ. ಸಿಡ್ನಿ ಬಿಡೋದು ಸೋಮವಾರ ಬೆಳಿಗ್ಗೆ 10ಕ್ಕೆ. ಲಾಸ್ ಏಂಜಲೀಸ್ ಮುಟ್ಟೋದು ಅದೇ ಸೋಮವಾರ ಬೆಳಿಗ್ಗೆ 6:35ಕ್ಕೆ! ಹೊರಡುವ ಮುಂಚೆಯೇ ತಲುಪುತ್ತೇವೆ. ವಾಪಸ್ ಬರುವಾಗ ಸೋಮವಾರ ರಾತ್ರಿ 10:30ಕ್ಕೆ ಹೊರಟು ಬುಧವಾರ ಬೆಳಿಗ್ಗೆ 6:30ಕ್ಕೆ. ಮಂಗಳವಾರ ಎಲ್ಲಿ?

ಲೆಕ್ಕದ_ಮೇಷ್ಟ್ರು:
ಪೆಸಿಫಿಕ್ ನಡುವಿನ ದಿನಾಂಕ ರೇಖೆ ದಾಟುತ್ತೀರಿ, ಅಲ್ಲಿ ತಾರೀಖು ಒಂದು ದಿನ ಬದಲಾಗುತ್ತದೆ. ಜೂನ್‌ನಲ್ಲಿ ಸಿಡ್ನಿ ಲಾಸ್ ಏಂಜಲೀಸ್‌ಗಿಂತ 17 ಗಂಟೆ ಮುಂದೆ. 10ಕ್ಕೆ 13:35 ಸೇರಿಸಿ, ರಾತ್ರಿ 11:35. ಅದರಿಂದ 17 ಕಳೆಯಿರಿ, ಬೆಳಿಗ್ಗೆ 6:35. ಟಿಕೆಟ್ ಸರಿಯಾಗಿದೆ. ಆದರೆ ಡಿಸೆಂಬರ್‌ನಲ್ಲಿ ಇದೇ ಅಂತರ 19 ಗಂಟೆ! ಸಿಡ್ನಿಯಲ್ಲಿ ಬೇಸಿಗೆ ಬಂದು ಗಡಿಯಾರ ಮುಂದಿಡುತ್ತಾರೆ, ಲಾಸ್ ಏಂಜಲೀಸ್‌ನಲ್ಲಿ ಚಳಿಗಾಲ ಬಂದು ಹಿಂದಿಡುತ್ತಾರೆ. ಹಾಗಾಗಿ ಹೊರಡುವ ಹೊತ್ತಿನಿಂದ ತಲುಪುವ ಹೊತ್ತನ್ನು ನೇರವಾಗಿ ಕಳೆದು ಪ್ರಯಾಣದ ಸಮಯ ಹುಡುಕಬೇಡಿ.

ತರಲೆ_ತಮ್ಮ:
ಮಂಗಳವಾರ ನನ್ನ ಹುಟ್ಟುಹಬ್ಬ!!

ಒಂದೇ_ಸಾಲು:
ವಯಸ್ಸು ಉಳೀತು ಬಿಡು.

ಹಳೇ_ಡಿಸ್ಪ್ಯಾಚರ್:
ಪೂರ್ತಿ ಮಾಯ ಆಗಲ್ಲಪ್ಪ. ಹೊರಟ ಮೇಲೆ ಮಂಗಳವಾರ ಶುರುವಾಗುತ್ತದೆ, ದಿನಾಂಕ ರೇಖೆ ದಾಟುವವರೆಗೆ ಕೆಲವು ಗಂಟೆ ಸಿಗುತ್ತದೆ. ಆ ಹೊತ್ತಿಗೆ ಎಲ್ಲರೂ ನಿದ್ದೆಯಲ್ಲಿರುತ್ತಾರೆ, ಅದು ಬೇರೆ ಮಾತು.

ಕಿಟಕಿ_ಸೀಟು:
ಎಲ್ಲರಿಗೂ ಧನ್ಯವಾದ. ಪಂಥದಲ್ಲಿ ಇಬ್ಬರೂ ಸೋತಿದ್ದೇವೆ ಅಂತ ಒಪ್ಪಿಕೊಂಡೆವು. ಹಾಗಾಗಿ ರಾಜಿ. ಹೋಗುವಾಗ ಕಿಟಕಿ ನನಗೆ, ಬರುವಾಗ ಅವನಿಗೆ. ಹುಟ್ಟುಹಬ್ಬ ಬೇರೆ, ಪಾಪ.

ಸುಮ್ನೆ_ಓದುಗ:
ಅಕ್ಕಾ, ಬರುವ ದಾರಿ ಒಂದೂವರೆ ಗಂಟೆ ಉದ್ದ ಅಂತ ಇಷ್ಟು ಹೊತ್ತು ಓದಿದ್ದೇ ಅದನ್ನು. ಅವನಿಗೆ ಕಿಟಕಿ ಜಾಸ್ತಿ ಹೊತ್ತು ಸಿಕ್ತು. ಮೋಸ ಹೋದಿರಿ.

ಕಿಟಕಿ_ಸೀಟು:
ನಾನೂ ಲೆಕ್ಕ ಹಾಕಿದ್ದೇನೆ. ಹೊರಡೋದು ರಾತ್ರಿ ಹತ್ತೂವರೆಗೆ, ಹಾರೋದು ಪಶ್ಚಿಮಕ್ಕೆ, ಇಳಿಯೋದು ಜೂನ್‌ನಲ್ಲಿ ಸಿಡ್ನಿಯ ಸೂರ್ಯ ಹುಟ್ಟುವ ಮುಂಚೆ. ಹದಿನೈದು ಗಂಟೆ ಬರೀ ಕತ್ತಲು. ಅವನಿಗೆ ಹೇಳಬೇಡಿ.

ತರಲೆ_ತಮ್ಮ:
ಓದ್ತಾ ಇದೀನಿ ಅಕ್ಕಾ.